ಪಹಣಿಯ ಭಾಷೆ ರೈತನಿಗೂ ತಿಳಿಯಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಕಚೇರಿಗಳ ಮುಂದೆ ನಿಂತರೆ ಕಿವಿಗೆ ಬೀಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ‘ಬಗರ್ ಹುಕುಂ ಅರ್ಜಿ ಏನಾಯ್ತು?’ ‘ದರಖಾಸ್ತು ಜಮೀನಿಗೆ ಇನ್ನೂ ಪೋಡಿ ಆಗಿಲ್ಲ.’ ‘ಹದ್ದುಬಸ್ತಿಗೆ ದುಡ್ಡು ಕಟ್ಟಿದ್ದೇವೆ, ಸರ್ವೆಯವರು ಬಂದಿಲ್ಲ.’ ‘ದಾಯಾದಿಗಳು ತಕರಾರು ಹಾಕಿದ್ದಾರೆ, ಖಾತೆ ನಿಂತುಹೋಗಿದೆ.’ ಹೀಗೆ ಮಾತನಾಡುವವರು ಅಡಿಕೆ, ತೆಂಗು, ಈರುಳ್ಳಿ, ಶೇಂಗಾ ಬೆಳೆಯುವ ಕನ್ನಡಿಗರು. ಆದರೆ ಅವರ ಬದುಕನ್ನು ನಿರ್ಧರಿಸುವ ಈ ಪದಗಳಲ್ಲಿ ಹೆಚ್ಚಿನವು ಪರ್ಷಿಯನ್ ಭಾಷೆಯವು, ಇಲ್ಲವೇ ಪರ್ಷಿಯನ್ ಮೂಲಕ ಬಂದ ಅರಬ್ಬಿಯವು.

ಬಂದಿದ್ದು ಬೀದಿಯ ಪರ್ಷಿಯನ್ ಅಲ್ಲ, ಕಚೇರಿಯ ಬರವಣಿಗೆಯದ್ದು. ಫರ್ಮಾನು, ಲೆಕ್ಕಪತ್ರ, ಕರಾರುಗಳಿಗೆಂದೇ ರೂಢಿಯಾದ ಬಿಗಿ ಭಾಷೆ ಅದು. ಅದಕ್ಕೊಂದು ವ್ಯಾಕರಣವಿದೆ. ಆ ವ್ಯಾಕರಣದ ಹತ್ತು ಹನ್ನೆರಡು ತುಂಡುಗಳು ಕನ್ನಡದ ಕಂದಾಯ ಕಾಗದಗಳಲ್ಲಿ ಇಂದಿಗೂ ಜೀವಂತವಾಗಿವೆ. ಅವು ಗೊತ್ತಿದ್ದರೆ ನೂರಾರು ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಗೊತ್ತಿಲ್ಲದಿದ್ದರೆ ಸ್ವಂತ ಜಮೀನಿನ ಕಾಗದ ಓದಿಸಿಕೊಳ್ಳಲು ರೈತ ಮಧ್ಯವರ್ತಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಈ ಪದಗಳನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಅವುಗಳ ಅರ್ಥವನ್ನು ಸಾರ್ವಜನಿಕರ ಕೈಗೆ ಕೊಡುವ ಅಗತ್ಯವಿದೆ. ಈ ಕೆಲಸ ಆಗಬೇಕಾದದ್ದು ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಮತ್ತು ವಿಶ್ವವಿದ್ಯಾಲಯದಲ್ಲಿ.

ವಿಳಾಸದಿಂದಲೇ ಶುರು ಮಾಡಬಹುದು. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಎಲ್ಲ ಅರ್ಜಿಗಳಲ್ಲೂ ತುಂಬಬೇಕು. ಗ್ರಾಮ ಸಂಸ್ಕೃತ, ಹೋಬಳಿ ಕನ್ನಡ. ತಾಲ್ಲೂಕು ಅರಬ್ಬಿಯ ‘ತಅಲ್ಲುಕ್’. ಅಂದರೆ ಸಂಬಂಧ, ಒಂದಕ್ಕೆ ಸೇರಿದ್ದು. ಜಿಲ್ಲೆ ಅರಬ್ಬಿಯ ‘ಜಿಲಅ್’. ಅದರ ಮೊದಲ ಅರ್ಥ ಪಕ್ಕೆಲುಬು, ಆಮೇಲೆ ಪಕ್ಕ, ಭಾಗ. ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳಲ್ಲಿ ಕಸಬಾ ಹೋಬಳಿ ಎಂಬುದೊಂದಿದೆ. ಆ ‘ಕಸಬಾ’ ಕೂಡ ಅದೇ ದಾರಿಯಲ್ಲಿ ಬಂದದ್ದು. ಆಡಳಿತದ ಕೇಂದ್ರವಾದ ಪೇಟೆಯೂರು ಎಂದು ಅರ್ಥ. ಅದರ ಅಕ್ಕಪಕ್ಕ ತುರುವನೂರು, ಐಮಂಗಲ, ಮತ್ತೋಡು, ತಾಳ್ಯ ಎಂಬ ಅಚ್ಚ ಊರಹೆಸರಿನ ಹೋಬಳಿಗಳಿವೆ. ಕಾಗದದ ಮೇಲೆ ಇವೆಲ್ಲ ಶತಮಾನಗಳಿಂದ ಒಟ್ಟಿಗೆ ಬಾಳಿವೆ.

ಈ ಸೀಮೆಗೂ ಪರ್ಷಿಯಾದ ಆಡಳಿತ ಸಂಪ್ರದಾಯಕ್ಕೂ ಇರುವ ನಂಟು ಎಷ್ಟು ಹಳೆಯದೆಂಬುದಕ್ಕೆ ಜಿಲ್ಲೆಯ ಬಂಡೆಗಳೇ ಸಾಕ್ಷಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅದನ್ನು ಬರೆದ ಚಪಡ ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಉಪಖಂಡದ ವಾಯವ್ಯ ಭಾಗದ್ದು. ಪರ್ಷಿಯಾದ ಅಕೆಮೆನಿಡ್ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಅರಮಾಯಿಕ್ ಬರಹದಿಂದ ಬೆಳೆದ ಲಿಪಿ ಅದು. ‘ಲಿಪಿ’ ಎಂಬ ಪದವೇ ಹಳೆಯ ಪರ್ಷಿಯನ್ನಿನ ‘ದಿಪಿ’ಯಿಂದ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ, ವಾಯವ್ಯದ ಅಶೋಕ ಶಾಸನಗಳಲ್ಲಿ ‘ದಿಪಿ’ ಎಂಬ ರೂಪವೇ ಇದೆ. ಹೀಗೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ದೂರದ ಕಚೇರಿ ಸಂಪ್ರದಾಯವೊಂದನ್ನು ಬಲ್ಲ ಬರಹಗಾರನೊಬ್ಬ ಈ ಸೀಮೆಯ ಕಲ್ಲಿನ ಮೇಲೆ ಗುರುತು ಬಿಟ್ಟಿದ್ದಾನೆ.

ಇಂದಿನ ಕಂದಾಯ ಪದಗಳ ಕಥೆ ಅಷ್ಟು ಹಿಂದಿನದಲ್ಲ. ಬಿಜಾಪುರದ ಆದಿಲ್‌ಶಾಹಿಗಳ ಸೇನೆ ಹದಿನೇಳನೆಯ ಶತಮಾನದಲ್ಲಿ ಈ ಕಡೆಗೆ ಬಂದಾಗ ಅದರ ಲೆಕ್ಕಪತ್ರದ ಪದ್ಧತಿಯೂ ಬಂತು. 1687ರಲ್ಲಿ ಮೊಗಲರು ಶಿರಾವನ್ನು ಕೇಂದ್ರ ಮಾಡಿಕೊಂಡು ಒಂದು ಸುಬಾ ಕಟ್ಟಿದರು. ಅದರ ಏಳು ಪರಗಣಗಳಲ್ಲಿ ಬೂದಿಹಾಳವೂ ಒಂದು. ಆ ಬೂದಿಹಾಳ ಈಗ ಹೊಸದುರ್ಗ ತಾಲ್ಲೂಕಿನ ಊರು. ಹಿಂದೆ ತಾಲ್ಲೂಕಿಗೇ ಅದರ ಹೆಸರಿತ್ತು. ಚಿತ್ರದುರ್ಗದ ನಾಯಕರು ಈ ಸುಬಾಕ್ಕೆ ಕಪ್ಪ ಕೊಡುವ ಪಾಳೆಯಗಾರರಾಗಿದ್ದರು. ಕಪ್ಪ ಕೊಡುವುದೆಂದರೆ ಲೆಕ್ಕ, ರಸೀದಿ, ಬಾಕಿ, ತಗಾದೆ. ಶಿರಾದ ದಫ್ತರದೊಡನೆ ವ್ಯವಹರಿಸುತ್ತಿದ್ದ ದುರ್ಗದ ಲೆಕ್ಕಿಗರ ಕಿವಿಗೆ, ಕೈಗೆ ಈ ಮಾತುಗಳು ಹತ್ತಿರವಾದದ್ದು ಹೀಗೆ.

1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಟಿಪ್ಪುವಿನ ಕಾಲದಲ್ಲಿ ಪರ್ಷಿಯನ್ ಆಡಳಿತದ ಮೇಲುಸ್ತರದ ಭಾಷೆಯಾಗಿ ಗಟ್ಟಿಯಾಯಿತು. ಚಿತ್ರದುರ್ಗಕ್ಕೆ ಅವನು ‘ಫರ್ರುಖ್‌ಯಾಬ್ ಹಿಸಾರ್’ ಎಂದು ಹೆಸರಿಟ್ಟ. ಇಲ್ಲಿನ ಟಂಕಸಾಲೆಯ ನಾಣ್ಯಗಳ ಮೇಲೆ ಆ ಹೆಸರಿದೆ. ‘ಫರ್ರುಖ್’ ಅಂದರೆ ಮಂಗಳಕರ, ‘ಯಾಬ್’ ಅಂದರೆ ಪಡೆಯುವ, ‘ಹಿಸಾರ್’ ಅಂದರೆ ಕೋಟೆ. 1799ರ ನಂತರ ಆ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ. ಉಳಿದದ್ದು ಜಮೀನು, ರೈತ, ಅರ್ಜಿ, ಬಾಕಿ, ಜಪ್ತಿ. ಅರಸರು ಇಟ್ಟ ಹೆಸರು ಅಳಿದು, ಗುಮಾಸ್ತರು ಬಳಸಿದ ಪದಗಳು ಉಳಿದವು ಎಂಬುದನ್ನು ಗಮನಿಸಬೇಕು. ಹೈದರ್, ಟಿಪ್ಪು, ಆಮೇಲೆ ಮೈಸೂರು ಅರಸರು, ಹೀಗೆ ಮೂರು ಆಳ್ವಿಕೆಗಳಲ್ಲಿ ಕೆಲಸ ಮಾಡಿದ ಪೂರ್ಣಯ್ಯ ಕನ್ನಡ, ಸಂಸ್ಕೃತಗಳ ಜೊತೆ ಪರ್ಷಿಯನ್ ಬಲ್ಲವರಾಗಿದ್ದರು. ಈ ಭಾಷೆ ಯಾವುದೋ ಒಂದು ಮತದವರ ಸೊತ್ತಾಗಿರಲಿಲ್ಲ. ಲೆಕ್ಕ ಬರೆಯುವವರೆಲ್ಲರ ಕಸುಬಾಗಿತ್ತು.

ಈಸ್ಟ್ ಇಂಡಿಯಾ ಕಂಪನಿ 1837ರ ಕಾಯ್ದೆಯಿಂದ ತನ್ನ ಸೀಮೆಯ ನ್ಯಾಯಾಲಯ ಮತ್ತು ಕಂದಾಯ ಕಚೇರಿಗಳಲ್ಲಿ ಪರ್ಷಿಯನ್ ಕಡ್ಡಾಯವನ್ನು ಕೈಬಿಟ್ಟಿತು. ಭಾಷೆ ಹೋಯಿತು, ಪದಗಳು ಹೋಗಲಿಲ್ಲ. 1855ರಲ್ಲಿ ಎಚ್.ಎಚ್. ವಿಲ್ಸನ್ ಭಾರತದ ಕಂದಾಯ ಮತ್ತು ನ್ಯಾಯಾಂಗ ಪದಗಳ ದೊಡ್ಡ ಕೋಶವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಕನ್ನಡದ ಪದಗಳೂ ಇವೆ. ಇಂಗ್ಲಿಷ್ ಅಧಿಕಾರಿಗೆ ಅರ್ಥವಾಗಲಿ ಎಂದು ಅಷ್ಟು ಹಿಂದೆಯೇ ಕೋಶ ಸಿದ್ಧವಾಯಿತು. ರೈತನಿಗೆ ಅರ್ಥವಾಗಲಿ ಎಂದು ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಹತ್ತು ಪದಗಳ ಪಟ್ಟಿ ಹಾಕುವ ಕೆಲಸ ಇನ್ನೂ ಆಗಬೇಕಾಗಿದೆ.

ಈ ಪದಗಳ ಒಳಗಟ್ಟು ಕಷ್ಟದ್ದೇನಲ್ಲ. ಪರ್ಷಿಯನ್ ವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ. ನಾಮಪದಗಳಿಗೆ ಲಿಂಗಭೇದವಿಲ್ಲ, ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಪ್ರತಿ ಕ್ರಿಯಾಪದಕ್ಕೂ ಎರಡು ಮೂಲರೂಪಗಳಿವೆ, ಒಂದು ಭೂತಕಾಲಕ್ಕೆ, ಇನ್ನೊಂದು ವರ್ತಮಾನಕ್ಕೆ. ಕನ್ನಡದ ಕಚೇರಿ ಪದಗಳಲ್ಲಿ ಬಹಳಷ್ಟು ಈ ಎರಡು ರೂಪಗಳಿಂದಲೇ ಹುಟ್ಟಿವೆ.

‘ಬಸ್ತನ್’ ಎಂದರೆ ಕಟ್ಟುವುದು. ಭೂತಕಾಲದ ರೂಪ ‘ಬಸ್ತ್’, ವರ್ತಮಾನದ್ದು ‘ಬಂದ್’. ಸಂಸ್ಕೃತದ ‘ಬಂಧ’ಕ್ಕೆ ಇದು ಹತ್ತಿರದ ನೆಂಟ. ಎರಡನ್ನೂ ನಡುವೆ ‘ಓ’ ಎಂಬ ಜೋಡಣೆಯಿಂದ ಸೇರಿಸಿದರೆ ‘ಬಂದೋಬಸ್ತು’. ಎಲ್ಲೆ ಎಂಬರ್ಥದ ‘ಹದ್ದು’ ಮುಂದೆ ಬಂದರೆ ‘ಹದ್ದುಬಸ್ತು’. ಸರ್ವೆಯವರು ಸರಪಳಿ ಹಿಡಿದು ಗಡಿ ಗುರುತಿಸಿ ಕೊಡುವ ಕೆಲಸ. ಸೇರಿದ್ದು, ಕೂಡಿದ್ದು ಎಂಬ ಅರ್ಥದ ‘ಜಮಾ’ ಸೇರಿದರೆ ‘ಜಮಾಬಂದಿ’. ಕಂದಾಯದ ಲೆಕ್ಕ ಕಟ್ಟುವುದು. ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂದು ಬರೆಯುವ ‘ಚೆಕ್ಕುಬಂದಿ’ಯ ಬಾಲವೂ ಇದೇ. ಒಂದು ಕ್ರಿಯಾಪದ ತಿಳಿದರೆ ನಾಲ್ಕು ದಾಖಲೆಗಳ ಉದ್ದೇಶ ತಿಳಿಯುತ್ತದೆ.

‘ಆಮದನ್’ ಎಂದರೆ ಬರುವುದು, ‘ರಫ್ತನ್’ ಎಂದರೆ ಹೋಗುವುದು. ಇವುಗಳ ಭೂತಕಾಲದ ರೂಪಗಳೇ ‘ಆಮದು’, ‘ರಫ್ತು’. ಬಂದದ್ದು ಆಮದು, ಹೋದದ್ದು ರಫ್ತು. ವರಮಾನಕ್ಕೆ ಹೇಳುವ ‘ಆಮದನಿ’ಯೂ ಇದೇ ಬೇರಿನದು. ‘ಖರೀದಿ’ ಕೊಂಡದ್ದು. ‘ಗುಮಾಸ್ತ’ ಎಂದರೆ ನೇಮಿಸಲ್ಪಟ್ಟವನು. ಪರ್ಷಿಯನ್ ವ್ಯಾಕರಣದಲ್ಲಿ ಅದು ಕೃದಂತ.

ಎಲ್ಲಕ್ಕಿಂತ ಹೆಚ್ಚು ಬೇರುಬಿಟ್ಟ ಪ್ರತ್ಯಯ ‘ದಾರ’. ಹೊಂದಿರುವುದು ಎಂಬ ಅರ್ಥದ ‘ದಾಶ್ತನ್’ ಕ್ರಿಯಾಪದದ ವರ್ತಮಾನ ರೂಪ ಅದು. ‘ತಹಸೀಲ್’ ಅಂದರೆ ವಸೂಲಿ. ಅದರ ಹೊಣೆ ಹೊತ್ತವರು ತಹಶೀಲ್ದಾರ್. ‘ಅಮಲು’ ಅಂದರೆ ಆಡಳಿತದ ಕೆಲಸ. ಹಳೆಯ ಮೈಸೂರಿನಲ್ಲಿ ಅದೇ ಅಧಿಕಾರಿಗೆ ಅಮಲ್ದಾರ್ ಎನ್ನುತ್ತಿದ್ದರು. ಜಮೀನ್ದಾರ, ವಾರಸುದಾರ, ಅರ್ಜಿದಾರ ಇವೆಲ್ಲ ಪೂರ್ತಿ ಆಮದಾದ ಪದಗಳು. ಆದರೆ ಕನ್ನಡ ಅಲ್ಲಿಗೇ ನಿಲ್ಲಲಿಲ್ಲ. ಗುತ್ತಿಗೆ, ಪಾಲು, ತೆರಿಗೆ, ಹೂಡಿಕೆಗಳಿಗೂ ಅದನ್ನು ಹಚ್ಚಿ ಗುತ್ತಿಗೆದಾರ, ಪಾಲುದಾರ, ತೆರಿಗೆದಾರ, ಹೂಡಿಕೆದಾರರನ್ನು ತಾನೇ ಮಾಡಿಕೊಂಡಿತು. ಸಂಸ್ಕೃತದ ‘ಮತ’ಕ್ಕೆ ಹಚ್ಚಿ ‘ಮತದಾರ’ನನ್ನು ಸೃಷ್ಟಿಸಿತು. ಪ್ರಜಾಪ್ರಭುತ್ವದ ಕೇಂದ್ರದಲ್ಲಿರುವ ವ್ಯಕ್ತಿಗೆ ಕನ್ನಡ ಕೊಟ್ಟ ಹೆಸರಿನ ಬಾಲ ಪರ್ಷಿಯನ್. ಇದು ಭಾಷೆಯ ದೌರ್ಬಲ್ಯವಲ್ಲ, ಜೀರ್ಣಶಕ್ತಿ. ಎಚ್ಚರ ಒಂದು ಬೇಕು: ಬಳೆಗಾರ, ಮಾತುಗಾರ ಪದಗಳ ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು, ಅದನ್ನು ಈ ಗುಂಪಿಗೆ ಸೇರಿಸಬಾರದು.

ಪದದ ಮುಂದೆ ಬರುವ ಇಲ್ಲವೆನ್ನುವ ತುಂಡುಗಳೂ ಅಷ್ಟೇ ಮುಖ್ಯ. ‘ಬೇ’ ಎಂದರೆ ಇಲ್ಲದ. ಬೇನಾಮಿ ಎಂದರೆ ನಿಜವಾದ ಹೆಸರಿಲ್ಲದ್ದು. ಬೇವಾರಸು ಎಂದರೆ ವಾರಸುದಾರರಿಲ್ಲದ್ದು. ದಾಖಲೆಯ ಈ ಪದವೇ ಬೀದಿಗಿಳಿದು ಬೈಗುಳವಾಯಿತು. ‘ಬೇಜವಾಬ್ದಾರಿ’ಯನ್ನು ಬಿಡಿಸಿದರೆ ಬೇ, ಜವಾಬ್, ದಾರ್, ಈ ಎಂದು ನಾಲ್ಕು ತುಂಡುಗಳು ಸಿಗುತ್ತವೆ: ಉತ್ತರ ಹೊರದೆ ಇರುವಿಕೆ. ‘ಗೈರು’ ಅರಬ್ಬಿಯದು, ಗೈರುಹಾಜರಿಯಲ್ಲಿ ಕಾಣುತ್ತದೆ. ಪತ್ರ ಎಂಬ ಅರ್ಥದ ‘ನಾಮೆ’ ರಾಜೀನಾಮೆಯಲ್ಲಿ, ವಕಾಲತ್ತುನಾಮೆಯಲ್ಲಿ ಇದೆ. ರಾಜೀನಾಮೆ ಎಂದರೆ ಒಪ್ಪಿಗೆಯ ಪತ್ರ. ಬೊಂಬಾಯಿ ಪದ್ಧತಿಯ ಭೂಕಂದಾಯದಲ್ಲಿ ರೈತ ತನ್ನ ಜಮೀನಿನ ಹಿಡುವಳಿ ಬಿಟ್ಟುಕೊಡಲು ರಾಜೀನಾಮೆ ಬರೆಯುತ್ತಿದ್ದ. ಅದನ್ನು ಹಿಡಿಯುವವನು ಕಬೂಲಾಯ್ತಿ ಬರೆಯುತ್ತಿದ್ದ. ಮಂತ್ರಿಗಳು ಇಂದು ಕೊಡುವ ರಾಜೀನಾಮೆಯ ಹಿಂದೆ ಹೊಲ ಬಿಟ್ಟುಕೊಟ್ಟ ರೈತನ ಕಾಗದವಿದೆ.

ಈಗ ‘ಬಗರ್ ಹುಕುಂ’ಗೆ ಬರಬಹುದು. ಪರ್ಷಿಯನ್ನಿನಲ್ಲಿ ಎರಡು ಪದಗಳನ್ನು ಸೇರಿಸಲು ‘ಇಜಾಫತ್’ ಎಂಬ ಕಿರುಸ್ವರವಿದೆ. ಜಮೀನಿನ ಮಾಲೀಕ ಎನ್ನಲು ‘ಮಾಲಿಕ್ ಎ ಜಮೀನ್’ ಎನ್ನುತ್ತಾರೆ. ಕನ್ನಡದ ಕ್ರಮಕ್ಕೆ ಇದು ತಿರುಗುಮುರುಗು. ಅದೇ ಅರ್ಥವನ್ನು ‘ಜಮೀನ್ ದಾರ್’ ಎಂದು ಸಮಾಸವಾಗಿಯೂ ಹೇಳಬಹುದು. ಇದು ಕನ್ನಡದ ಕ್ರಮಕ್ಕೆ ಹೊಂದುತ್ತದೆ. ಕನ್ನಡಕ್ಕೆ ಬಂದ ಪದಗಳಲ್ಲಿ ಸಮಾಸಗಳೇ ಹೆಚ್ಚು, ಇಜಾಫತ್ ಅಪರೂಪ. ಆ ಅಪರೂಪಗಳಲ್ಲಿ ಒಂದು ‘ಬ ಗೈರ್ ಎ ಹುಕ್ಮ್’, ಅಂದರೆ ಅಪ್ಪಣೆಯ ಹೊರತಾಗಿ. ನಡುವಿನ ಸ್ವರ ಸವೆದು ಬಗರ್ ಹುಕುಂ ಆಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಹೆಸರಿನಲ್ಲೂ ಇಂಥದ್ದೇ ಸವೆದ ಜೋಡಣೆಯಿದೆ.

ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿಯನ್ನು ಸಕ್ರಮಗೊಳಿಸಲು 1964ರ ಭೂಕಂದಾಯ ಕಾಯ್ದೆಗೆ ಸೇರಿಸಿದ ಕಲಮುಗಳ ಅಡಿಯಲ್ಲಿ ನಮೂನೆ 50, 53, 57ರ ಅರ್ಜಿಗಳು ಬಂದವು. ಮಳೆನೆಚ್ಚಿನ ಈ ಜಿಲ್ಲೆಯಲ್ಲಿ ಆ ಮೂರು ಅಂಕಿಗಳನ್ನು ಅರಿಯದ ಹಳ್ಳಿಯಿಲ್ಲ. ಬಗರ್ ಹುಕುಂ ಎಂದರೆ ಅಪ್ಪಣೆ ಇಲ್ಲದ ಸ್ಥಿತಿ. ದರಖಾಸ್ತು ಎಂದರೆ ಕೋರಿಕೆ. ಒಂದು ಈಗಿರುವ ಪರಿಸ್ಥಿತಿಯ ಹೆಸರು, ಇನ್ನೊಂದು ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳುವ ದಾರಿಯ ಹೆಸರು. ಎರಡನ್ನೂ ಒಂದೇ ಎಂದುಕೊಂಡವರು ತಪ್ಪು ಕಾಗದ ಹಿಡಿದು ತಪ್ಪು ಮೇಜಿನ ಮುಂದೆ ನಿಲ್ಲುತ್ತಾರೆ.

ಈ ಪದಗಳು ಕನ್ನಡ ಲಿಪಿಗೆ ಬಂದಾಗ ಕೆಲವು ಭೇದಗಳು ಅಳಿಸಿಹೋದವು. ಪರ್ಷಿಯನ್ ಬರಹದಲ್ಲಿ ಜೇ, ಜಾಲ್, ಜಾದ್, ಜೋಯ್ ಎಂಬ ನಾಲ್ಕು ಬೇರೆ ಬೇರೆ ಅಕ್ಷರಗಳಿವೆ. ಪರ್ಷಿಯನ್ ಉಚ್ಚಾರಣೆಯಲ್ಲಿ ನಾಲ್ಕೂ ಒಂದೇ. ಕನ್ನಡದಲ್ಲಿ ನಾಲ್ಕಕ್ಕೂ ‘ಜ’ ಒಂದೇ ಅಕ್ಷರ. ನೆಲ ಎಂಬರ್ಥದ ಜಮೀನು ‘ಜೇ’ಯಿಂದ ಶುರುವಾಗುತ್ತದೆ, ಹೊಣೆಗಾರಿಕೆ ಎಂಬರ್ಥದ ಜಾಮೀನು ‘ಜಾದ್’ನಿಂದ. ಎರಡಕ್ಕೂ ಸಂಬಂಧವೇ ಇಲ್ಲ. ಕನ್ನಡದಲ್ಲಿ ಮಾತ್ರ ಒಂದು ದೀರ್ಘದ ಅಂತರ. ಜಮೀನಿನ ಮೇಲೆ ಜಾಮೀನು ಕೊಟ್ಟವರಿಗೆ ಆ ದೀರ್ಘದ ಬೆಲೆ ಗೊತ್ತು. ದರಖಾಸ್ತು, ಬರಖಾಸ್ತು ಪದಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ಮೊದಲನೆಯದರ ‘ಖಾಸ್ತ್’ ಬಯಸಿದ್ದು, ಎರಡನೆಯದರದು ಎದ್ದದ್ದು. ಮೂಲ ಬರಹದಲ್ಲಿ ಮೊದಲನೆಯದಕ್ಕೆ ಉಚ್ಚರಿಸದ ಒಂದು ‘ವಾವ್’ ಅಕ್ಷರವಿದೆ, ಎರಡನೆಯದಕ್ಕೆ ಇಲ್ಲ. ಕೇಳಲು ಒಂದೇ, ಬೇರು ಬೇರೆ.

ಇನ್ನು ಪಹಣಿ. ‘ಪಹಣಿ’ ಎಂಬ ಹೆಸರು ಮರಾಠಿಯದು, ನೋಡುವುದು ಎಂದರ್ಥ. ‘ಪೋಡಿ’ಯೂ ಮರಾಠಿಯದೇ, ಒಡೆಯುವುದು. ಆದರೆ ಒಳಗಿನ ಸಾಲುಗಳಲ್ಲಿ ಪರ್ಷಿಯನ್ ತುಂಬಿದೆ. ಹಿರಿಯೂರಿನ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ನೀರು ಹರಿಯುವ ಗದ್ದೆ ‘ತರಿ’. ಪರ್ಷಿಯನ್ನಿನಲ್ಲಿ ‘ತರ್’ ಎಂದರೆ ಒದ್ದೆ. ಅದರಾಚೆಗಿನ ಮಳೆಹೊಲ ‘ಖುಷ್ಕಿ’. ‘ಖುಶ್ಕ್’ ಎಂದರೆ ಒಣಗಿದ್ದು. ಅಡಿಕೆ, ತೆಂಗಿನ ತೋಟ ‘ಬಾಗಾಯ್ತು’; ‘ಬಾಗ್’ ಎಂಬ ಪರ್ಷಿಯನ್ ಪದಕ್ಕೆ ಅರಬ್ಬಿಯ ಬಹುವಚನ ಸೇರಿ ಆದದ್ದು. ಬಹುವಚನವೆಂಬುದು ಮರೆತು ಕನ್ನಡದಲ್ಲಿ ಅದು ಏಕವಚನವಾಗಿದೆ. ‘ಹಿಸ್ಸಾ’ ಎಂದರೆ ಪಾಲು. ಸರ್ವೆ ನಂಬರಿನ ಪಕ್ಕದ ಆ ಅಂಕಿ ಅದು ಜಮೀನಿನ ಎಷ್ಟನೆಯ ಪಾಲು ಎಂಬುದರ ಗುರುತು.

ಪಹಣಿಯಲ್ಲಿ ಜನ ಗಮನಿಸದೆ ಬಿಡುವ ಪದ ‘ಖರಾಬು’. ಕೆಟ್ಟದ್ದು, ಪಾಳುಬಿದ್ದದ್ದು ಎಂಬುದು ಅದರ ಮೂಲ ಅರ್ಥ. ಪಹಣಿಯಲ್ಲಿ ಅ ಖರಾಬು, ಬ ಖರಾಬು ಎಂದು ಎರಡಿವೆ. ಬಂಡೆ, ಕೊರಕಲು ಇತ್ಯಾದಿಯಿಂದ ಸಾಗುವಳಿಗೆ ಬಾರದ್ದು ಅ ಖರಾಬು. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ಬ ಖರಾಬು. ಎರಡಕ್ಕೂ ಕಂದಾಯವಿಲ್ಲ, ಆದರೆ ಎರಡರ ಹಕ್ಕು ಒಂದೇ ಅಲ್ಲ. ಬ ಖರಾಬಿನ ಗುಂಟೆಗಳನ್ನೂ ಲೆಕ್ಕ ಹಿಡಿದು ದುಡ್ಡು ಕೊಟ್ಟು ಜಮೀನು ಕೊಂಡವರು ಆಮೇಲೆ ಕೋರ್ಟು ಹತ್ತುತ್ತಾರೆ. ಎರಡು ಅಕ್ಷರಗಳ ಅರ್ಥ ಮೊದಲೇ ತಿಳಿದಿದ್ದರೆ ತಪ್ಪುತ್ತಿದ್ದ ನಷ್ಟ ಅದು.

ಎರಡು ದಶಕಗಳ ಹಿಂದೆ ‘ಭೂಮಿ’ ಯೋಜನೆಯಿಂದ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿದ ಆ ಕೆಲಸ ದೇಶಕ್ಕೇ ಮಾದರಿಯೆನಿಸಿತು. ಕೈಬರಹದ ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕುತ್ತಾ ಅಲೆಯುವುದು ತಪ್ಪಿತು. ಪ್ರತಿ ಸಿಗುವುದು ಸುಲಭವಾಯಿತು, ಅರ್ಥವಾಗುವುದು ಸುಲಭವಾಗಲಿಲ್ಲ. ಮುದ್ರಿತ ಹಾಳೆಯ ಹಿಂಬದಿ ಖಾಲಿಯೇ ಇರುತ್ತದೆ. ಅಲ್ಲಿ ಇಪ್ಪತ್ತು ಪದಗಳ ಅರ್ಥ ಅಚ್ಚು ಹಾಕಲು ಹೊಸ ಕಾನೂನು ಬೇಡ, ದೊಡ್ಡ ಅನುದಾನ ಬೇಡ.

ಈ ಪದಗಳನ್ನೆಲ್ಲ ತೆಗೆದು ‘ಶುದ್ಧ’ ಪದಗಳನ್ನು ಹಾಕಿಬಿಡೋಣ ಎನ್ನುವ ವಾದವೂ ಇದೆ. ಅದರ ಹಿಂದಿನ ಭಾಷಾಭಿಮಾನ ಗೌರವಕ್ಕೆ ಅರ್ಹ. ಆದರೆ ಫಲ ಅನುಮಾನ. 1677ರ ಸುಮಾರಿಗೆ ಶಿವಾಜಿಯ ಆಶಯದಂತೆ ರಘುನಾಥ ಪಂಡಿತರ ‘ರಾಜವ್ಯವಹಾರಕೋಶ’ ಸಿದ್ಧವಾಯಿತು. ರಾಜ್ಯಾಡಳಿತದ ಪರ್ಷಿಯನ್ ಪದಗಳಿಗೆ ಸಂಸ್ಕೃತ ಪರ್ಯಾಯ ಕೊಡುವುದೇ ಅದರ ಉದ್ದೇಶ. ಅಷ್ಟು ದೊಡ್ಡ ಪ್ರಯತ್ನದ ನಂತರವೂ ಪೇಶ್ವೆ, ಫಡ್ನವೀಸ್, ಚಿಟ್ನೀಸ್ ಎಂಬ ಪರ್ಷಿಯನ್ ಬೆರೆತ ಹೆಸರುಗಳಲ್ಲೇ ಮರಾಠರ ಆಡಳಿತ ನಡೆಯಿತು.

ಕಾರಣ ಸರಳ. ಕಂದಾಯದ ಪದಕ್ಕೆ ಹಿಂದಿನ ದಾಖಲೆಯ ಬೆಂಬಲ ಬೇಕು. ಅಜ್ಜನ ಕಾಲದ ಮಂಜೂರಾತಿಯಲ್ಲಿ ‘ದರಖಾಸ್ತು’ ಎಂದಿದ್ದರೆ ಮೊಮ್ಮಗನ ಅರ್ಜಿಯಲ್ಲೂ ಅದೇ ಇರಬೇಕು. ನಡುವೆ ಪದ ಬದಲಾದರೆ ಕೊಂಡಿ ಕಳಚುತ್ತದೆ, ವಕೀಲರಿಗೆ ಕೆಲಸವಾಗುತ್ತದೆ. ಅಲ್ಲದೆ ಪರ್ಯಾಯಗಳು ಸುಲಭವೂ ಅಲ್ಲ. ‘ಅನಧಿಕೃತ ಸಾಗುವಳಿ ಸಕ್ರಮೀಕರಣ’ ಎಂಬ ಸಂಸ್ಕೃತದ ಸರಪಳಿಗಿಂತ ‘ಬಗರ್ ಹುಕುಂ’ ಹಳ್ಳಿಯವರಿಗೆ ಹತ್ತಿರದ್ದು. ‘ರೈತ’ ಪದವನ್ನೇ ನೋಡಬಹುದು. ಅರಬ್ಬಿಯ ‘ರಇಯ್ಯತ್’ ಎಂದರೆ ಆಳಿಸಿಕೊಳ್ಳುವವರು, ಪ್ರಜೆ. ಕರ್ನಾಟಕದಲ್ಲಿ ಅದು ಉಳುವವರ ಹೆಸರಾಯಿತು, ಆಮೇಲೆ ಹಸಿರು ಶಾಲಿನ ಚಳವಳಿಯ ಹೆಸರಾಯಿತು. ಅದನ್ನು ಪರಕೀಯ ಎನ್ನುವವರು ಯಾರೂ ಉಳಿದಿಲ್ಲ.

ಹಾಗೆಂದು ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳಬೇಕೆಂದೇನೂ ಇಲ್ಲ. ‘ಸದರಿ’, ‘ಮಜಕೂರು’ಗಳಿಂದ ಭಾರವಾದ ನೋಟಿಸು ಓದುವವರ ಉಸಿರು ಕಟ್ಟಿಸುತ್ತದೆ. ‘ಮೇಲೆ ಹೇಳಿದ’ ಎಂದು ಬರೆದರೆ ಯಾವ ಹಕ್ಕೂ ಹೋಗುವುದಿಲ್ಲ. ಹಕ್ಕಿನ ಹೆಸರಾಗಿರುವ ಪದಗಳನ್ನು ಉಳಿಸಿ ಅರ್ಥ ಕೊಡಬೇಕು, ಬರೀ ಅಲಂಕಾರವಾಗಿ ಉಳಿದವನ್ನು ಬಿಡಬೇಕು. ಆಡಳಿತ ಕನ್ನಡಕ್ಕೆ ಈ ವಿವೇಕ ಸಾಕು.

ಇದು ರೈತರ ಮಾತಾಯಿತು. ಇದೇ ಅರಿವು ಚರಿತ್ರೆ ಬರೆಯುವವರಿಗೂ ಬೇಕು. 1695ರಲ್ಲಿ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲ್ ಸೇನಾನಿ ಕಾಸಿಂ ಖಾನನನ್ನು ಮುತ್ತಿಗೆ ಹಾಕಿದ. ಖಾನ ಅಲ್ಲೇ ಸತ್ತ. ದಖ್ಖನಿನಲ್ಲಿ ಮೊಗಲರು ಕಂಡ ದೊಡ್ಡ ಸೋಲುಗಳಲ್ಲಿ ಅದೊಂದು. ಆ ಘಟನೆಯ ವಿವರ ಖಾಫಿ ಖಾನನ ಪರ್ಷಿಯನ್ ಚರಿತ್ರೆಯಲ್ಲಿದೆ. ಹೈದರನ ಚಿತ್ರದುರ್ಗದ ದಂಡಯಾತ್ರೆಯ ವರ್ಣನೆ ಮೀರ್ ಹುಸೇನ್ ಅಲಿ ಕಿರ್ಮಾನಿಯ ‘ನಿಶಾನ್ ಎ ಹೈದರಿ’ಯಲ್ಲಿದೆ, ಅದೂ ಪರ್ಷಿಯನ್. ಕರ್ನಲ್ ಮೈಲ್ಸ್ 1842ರಲ್ಲಿ ಅದರ ಹೈದರನ ಭಾಗವನ್ನು ಇಂಗ್ಲಿಷಿಗೆ ತಂದರು. ಆ ಇಂಗ್ಲಿಷನ್ನೇ ನೆಚ್ಚಿಕೊಂಡು ಬರೆಯುವುದು ಸುಲಭದ ದಾರಿ. ಆದರೆ ಸೋತವರ ಬಖೈರುಗಳನ್ನೂ ಶಾಸನಗಳನ್ನೂ ಮೂಲದಲ್ಲಿ ಓದಿ, ಗೆದ್ದವರ ಚರಿತ್ರೆಯನ್ನು ಮಾತ್ರ ಮೂರನೆಯವರ ಕಣ್ಣಿನಿಂದ ಓದುವುದು ನ್ಯಾಯವಲ್ಲ.

ಮೂಲ ಓದುವುದು ಸುಲಭವೆಂದು ಹೇಳಲಾಗದು. ಪರ್ಷಿಯನ್ ಲಿಪಿಯಲ್ಲಿ ಕಿರುಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಇಜಾಫತ್ ಬಹುತೇಕ ಕಡೆ ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲಿ ‘ಮಾಲಿಕ್, ಜಮೀನ್’, ಎಲ್ಲಿ ‘ಮಾಲಿಕ್ ಎ ಜಮೀನ್’ ಎಂದು ಓದುವವರೇ ಸಂದರ್ಭ ನೋಡಿ ನಿರ್ಧರಿಸಬೇಕು. ಕಚೇರಿ ಪತ್ರಗಳಲ್ಲಿ ಬಿರುದುಗಳ ಸಾಲು ಮುಗಿದ ಮೇಲೆ ವಿಷಯ, ವಿಷಯದ ಕೊನೆಗೆ ಕ್ರಿಯಾಪದ. ಅರಬ್ಬಿ ಬಹುವಚನಗಳು ಏಕವಚನದ ಗುರುತೇ ಸಿಗದಂತೆ ಬದಲಾಗಿರುತ್ತವೆ. ‘ಹಕ್’ನ ಬಹುವಚನ ‘ಹುಕೂಕ್’. ‘ಶಿಕಸ್ತಾ’ ಎಂಬ ಮುರಿಬರಹದಲ್ಲಿ ಚುಕ್ಕೆಗಳು ಬಿಟ್ಟುಹೋಗಿರುತ್ತವೆ. ಲೆಕ್ಕದ ಅಂಕಿಗಳು ‘ಸಿಯಾಕ್’ ಎಂಬ ಬೇರೆಯೇ ಗುರುತುಗಳಲ್ಲಿರುತ್ತವೆ. ಪರ್ಷಿಯನ್ ಮನೆಮಾತಾದವರೂ ಇದನ್ನು ಪ್ರತ್ಯೇಕವಾಗಿ ಕಲಿಯಬೇಕು.

ಕಲಿತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇದೆ. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆ ಕೈಗೊಂಡಿತು. ಎಂ.ಎಂ. ಕಲಬುರ್ಗಿ ಅದರ ಮುಂದಾಳತ್ವ ವಹಿಸಿದ್ದರು. ವಚನ ಸಾಹಿತ್ಯದ ವಿದ್ವಾಂಸರೊಬ್ಬರಿಗೆ ಪರ್ಷಿಯನ್ ಗ್ರಂಥಗಳು ಕನ್ನಡದಲ್ಲಿ ಬೇಕೆನಿಸಿದ್ದು ಸಹಜವೇ ಆಗಿತ್ತು. ಕರ್ನಾಟಕದ ಚರಿತ್ರೆಯ ಅರ್ಧ ಅಲ್ಲಿದೆ ಎಂದು ಅವರಿಗೆ ತಿಳಿದಿತ್ತು. ಚಿತ್ರದುರ್ಗಕ್ಕೂ ಅಂಥ ಕೆಲಸ ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನ್ನಡ, ಪಾಲಿ, ಪ್ರಾಕೃತಗಳ ಜೊತೆಗೇ ಪರ್ಷಿಯನ್ನನ್ನೂ ಕಲಿಸಬಹುದಾದ ಶಾಸ್ತ್ರೀಯ ಭಾಷೆಗಳ ಸಾಲಿನಲ್ಲಿ ಹೆಸರಿಸಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲಿದೆ, ಅರಬ್ಬಿ ಮತ್ತು ಪರ್ಷಿಯನ್ ಶಾಸನಗಳ ಶಾಖೆ ಮಾತ್ರ ನಾಗಪುರದಲ್ಲಿದೆ. ಈ ಅಂತರ ತುಂಬಲು ಎಲ್ಲಿಂದಲಾದರೂ ಶುರುವಾಗಬೇಕು. ಗುಡ್ಡದ ರಂಗವ್ವನಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿ ಕನ್ನಡ ಮತ್ತು ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ವರ್ಷದ ದಾಖಲೆ ಓದುವ ಪರ್ಷಿಯನ್ ತರಗತಿ ತೆರೆಯಬಹುದು. ವರ್ಷಕ್ಕೆ ಐದು ಜನ ಕಲಿತರೂ ಹತ್ತು ವರ್ಷಕ್ಕೆ ಐವತ್ತು ಜನ ಓದುಗರಾಗುತ್ತಾರೆ.

ಶಾಲೆಗಳಲ್ಲಿ ಇಷ್ಟೂ ಬೇಕಿಲ್ಲ. ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿ ತತ್ಸಮ, ತದ್ಭವಗಳ ಜೊತೆ ಅನ್ಯದೇಶ್ಯ ಪದಗಳ ಪಟ್ಟಿ ಈಗಲೂ ಇದೆ. ಮಕ್ಕಳು ಅದನ್ನು ಅಂಕಕ್ಕಾಗಿ ಉರು ಹೊಡೆಯುತ್ತಾರೆ. ಅದೇ ಪಾಠಕ್ಕೆ ಮನೆಯ ಒಂದು ಪಹಣಿಯನ್ನು ತರಿಸಿ, ದಾರ, ಬಂದಿ, ನಾಮೆ, ಬೇ ಎಂಬ ತುಂಡುಗಳನ್ನು ಬಿಡಿಸಲು ಕಲಿಸಿದರೆ ವ್ಯಾಕರಣವೂ ಆಯಿತು, ಮನೆಗೆ ಉಪಕಾರವೂ ಆಯಿತು. ಜಿ. ವೆಂಕಟಸುಬ್ಬಯ್ಯನವರ ‘ಎರವಲು ಪದಕೋಶ’ದಂಥ ಪುಸ್ತಕ ಶಾಲೆಯ ಕಪಾಟಿನಲ್ಲಿದ್ದರೆ ಶಿಕ್ಷಕರಿಗೆ ಬೇರೆ ಸಿದ್ಧತೆಯೂ ಬೇಡ.

ಜಿಲ್ಲಾಡಳಿತ ಮಾಡಬೇಕಾದದ್ದು ಮೂರೇ ಕೆಲಸ. ಎಲ್ಲ ತಾಲ್ಲೂಕು ಕಚೇರಿಗಳ ಮತ್ತು ನಾಡಕಚೇರಿಗಳ ಮುಂದೆ ಕಂದಾಯ ಪದಗಳ ಅರ್ಥಫಲಕ ಹಾಕಿಸಬೇಕು. ಪಹಣಿಯ ಹಿಂಬದಿಯಲ್ಲಿ ಚಿಕ್ಕ ಪದಕೋಶ ಅಚ್ಚು ಹಾಕಲು ಕಂದಾಯ ಇಲಾಖೆಗೆ ಬರೆಯಬೇಕು. ಗ್ರಾಮ ಆಡಳಿತಾಧಿಕಾರಿಗಳ ತರಬೇತಿಯಲ್ಲಿ ಈ ಪದಗಳಿಗೆಂದೇ ಒಂದು ದಿನ ಮೀಸಲಿಡಬೇಕು. ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು: ಕಾಗದದಲ್ಲಿ ತಿಳಿಯದ ಪದ ಕಂಡರೆ ಸಹಿ ಹಾಕುವ ಮುನ್ನ ಅದರ ಅರ್ಥ ಕೇಳಬೇಕು. ಕೇಳುವುದು ನಾಗರಿಕರ ಹಕ್ಕು, ಹೇಳುವುದು ಕಚೇರಿಯ ಕರ್ತವ್ಯ.